ಮಾತು ನಿಂತ ಆಟಿಕೆ ರೈಲು: ದುರಸ್ತಿ ಹೇಗೆ?

ಗುಂಡಿ ಒತ್ತಿದೊಡನೆ ಸೀಟಿ ಹಾಕಿ, ನಾಲ್ಕು ಮಾತನಾಡಿ, ಹಳಿಯ ಮೇಲೆ ಹೊರಡುವ ಆಟಿಕೆ ರೈಲಿನೊಳಗೆ ಇರುವುದು ಒಂದು ಪುಟ್ಟ ಮೋಟಾರು, ಒಂದು ಸ್ಪೀಕರು ಮತ್ತು ಚಿಕ್ಕದೊಂದು ಸರ್ಕ್ಯೂಟ್ ಫಲಕ. ಫಲಕದ ಮೇಲೆ ಸಾಮಾನ್ಯವಾಗಿ ಕಾಣುವ ಕರಿಯ ಎಪಾಕ್ಸಿ ಬೊಟ್ಟಿನಡಿಯಲ್ಲಿ ಧ್ವನಿಯ ಚಿಪ್ ಅಡಗಿರುತ್ತದೆ. ಮಾತುಗಳನ್ನು ಕಾರ್ಖಾನೆಯಲ್ಲೇ ಅದರೊಳಗೆ ಬರೆದಿರುವುದರಿಂದ ಅಂಗಡಿಯಲ್ಲಿ ಅದಕ್ಕೆ ಬದಲಿ ದೊರೆಯುವುದಿಲ್ಲ. ಆದರೆ ದೋಷವು ಬಹುತೇಕ ಅದರ ಸುತ್ತಲಿನ ಭಾಗಗಳಲ್ಲೇ ಇರುತ್ತದೆ. 'ಚಿಪ್ ಹೋಗಿದೆ' ಎಂದು ಆಟಿಕೆಯನ್ನು ಎಸೆಯುವುದು ಅವಸರದ ತೀರ್ಪು.

ಮೊದಲು ಸೆಲ್‌ಗಳ ಕೋಣೆಯನ್ನು ನೋಡಬೇಕು. ತಿಂಗಳುಗಟ್ಟಲೆ ಒಳಗೇ ಉಳಿದ ಆಲ್ಕಲೈನ್ ಸೆಲ್‌ನಿಂದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೋರಿ, ಲೋಹದ ಪಟ್ಟಿಗಳ ಮೇಲೆ ಬಿಳಿಯ ಹುಡಿ ಕಟ್ಟುತ್ತದೆ. ಇದು ಚರ್ಮವನ್ನು ಸುಡಬಲ್ಲ ಕ್ಷಾರ. ಮಕ್ಕಳನ್ನು ದೂರವಿರಿಸಿ, ಕೈಗವಸು ತೊಟ್ಟು, ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಬಳಿಕ ಒದ್ದೆ ಬಟ್ಟೆಯಿಂದ ಶುಚಿಗೊಳಿಸಿ ಒಣಗಿಸತಕ್ಕದ್ದು.

ರೈಲು ಹೊರಡುವಾಗಲೆಲ್ಲ ಮಾತು ಅರ್ಧಕ್ಕೆ ತುಂಡಾಗಿ ಮೊದಲಿನಿಂದ ಆರಂಭವಾಗುತ್ತದೆಯೇ? ನಿಂತ ಮೋಟಾರು ಚಲಿಸತೊಡಗುವ ಕ್ಷಣದಲ್ಲಿ, ಓಡುವಾಗಿನದಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಸೆಲ್ ಸೊರಗಿದ್ದರೆ ವೋಲ್ಟೇಜು ಕುಸಿದು, ಚಿಪ್ ಒಮ್ಮೆ ಆರಿ ಮತ್ತೆ ಎಚ್ಚರಗೊಳ್ಳುತ್ತದೆ. ಸೆಲ್‌ಗಳನ್ನು ಹೊರತೆಗೆದು ಅಳೆದರೆ ಇದು ತಿಳಿಯದು. ಮೋಟಾರು ತಿರುಗುತ್ತಿರುವಾಗಲೇ ಮಲ್ಟಿಮೀಟರು ಹಿಡಿಯಬೇಕು. 1.5 ವೋಲ್ಟಿನ ಎರಡು ಸೆಲ್‌ಗಳ ಆಟಿಕೆಯಲ್ಲಿ 3 ವೋಲ್ಟು 2ರ ಆಸುಪಾಸಿಗೆ ಇಳಿದರೆ ಕಾರಣ ಸಿಕ್ಕಂತೆಯೇ. ಹೊಸ ಸೆಲ್ ಹಾಕಿದರೂ ಸರಿಹೋಗದಿದ್ದರೆ ಗಾಲಿಯ ಅಚ್ಚಿಗೆ ಕೂದಲು ಸುತ್ತಿದೆಯೇ ನೋಡಿ. ಎಲೆಕ್ಟ್ರಾನಿಕ್ಸ್‌ನ ಎಷ್ಟೋ 'ಕಾಯಿಲೆ'ಗಳ ಮೂಲ ಈ ಕೂದಲೇ! ಅನಂತರ ಮೋಟಾರಿನ ಎರಡು ತುದಿಗಳ ನಡುವಿನ ಸೆರಾಮಿಕ್ ಕೆಪಾಸಿಟರನ್ನು ಪರೀಕ್ಷಿಸಿ. ಮೋಟಾರಿನ ಬ್ರಷ್‌ಗಳ ಕಿಡಿಯಿಂದ ಏಳುವ ವಿದ್ಯುತ್ ಗದ್ದಲವನ್ನು ತಗ್ಗಿಸುವುದು ಅದೇ. ಅದು ಕಳಚಿದ್ದರೆ '104' ಎಂಬ ಗುರುತಿನ 0.1 ಮೈಕ್ರೊಫ್ಯಾರಡ್‌ನದನ್ನು ಬೆಸೆಯಬಹುದು.

ರೈಲು ಓಡುತ್ತದೆ, ಮಾತಿಲ್ಲ ಎಂದಾದರೆ ಸ್ಪೀಕರನ್ನು ಶಂಕಿಸಬೇಕು. ಅದರ ಸಪೂರ ತಂತಿಗಳು ಬೆಸುಗೆಯ ಬುಡದಲ್ಲೇ ಮುರಿಯುತ್ತವೆ. 8 ಓಮ್‌ನ ಸ್ಪೀಕರು ಮೀಟರಿನಲ್ಲಿ 7ರಿಂದ 8 ತೋರಿಸಬೇಕು. ಏನನ್ನೂ ತೋರಿಸದಿದ್ದರೆ ಸುರುಳಿ ಕಡಿದಿದೆ, ಅಂತಹುದೇ ಇನ್ನೊಂದನ್ನು ಜೋಡಿಸಿ. ಗುಂಡಿಯ ಅಡಿಯ ಕರಿಯ ರಬ್ಬರನ್ನೂ ಅದು ತಾಗುವ ಫಲಕವನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದರೆ ಎಷ್ಟೋ ಬಾರಿ ಮಾತು ಮರಳುತ್ತದೆ.

ಫಲಕಕ್ಕೆ ವೋಲ್ಟೇಜು ತಲುಪುತ್ತಿದೆ, ಗುಂಡಿ, ಸ್ಪೀಕರು ಮತ್ತು ಬೆಸುಗೆಗಳು ಸರಿಯಾಗಿವೆ, ಆದರೂ ಸದ್ದಿಲ್ಲ ಎಂದಾಗ ಮಾತ್ರ ಚಿಪ್ಪಿನ ಆಸೆ ಬಿಡಬೇಕು. ಆಗಲೂ ಸೆಲ್‌ಗಳಿಂದ ಒಂದು ಸ್ವಿಚ್ಚಿನ ಮೂಲಕ ಮೋಟಾರಿಗೆ ನೇರ ತಂತಿ ಎಳೆದರೆ ರೈಲು ಮೂಕವಾಗಿಯಾದರೂ ಓಡುತ್ತದೆ.