ನಾಯಕನು ದ್ರೋಹಿಯಾದ ಕಥೆ

ಪ್ರಸಿದ್ಧವಾದ ಕಥೆಯನ್ನು ತಿದ್ದುವುದಕ್ಕೆ ಕವಿಗೆ ಅಧಿಕಾರವುಂಟೇ ಎಂಬುದು ನಮ್ಮ ಆಲಂಕಾರಿಕರಲ್ಲಿ ಹಳೆಯ ಪ್ರಶ್ನೆ. ನಾಯಕನಿಗಾಗಲಿ ರಸಕ್ಕಾಗಲಿ ಅನುಚಿತವಾದುದು ಮೂಲದಲ್ಲಿದ್ದರೆ ಅದನ್ನು ಬಿಡಬೇಕು, ಇಲ್ಲವೆ ಬೇರೆ ಬಗೆಯಾಗಿ ಕಲ್ಪಿಸಬೇಕು ಎಂದು ದಶರೂಪಕಕಾರನ ಮತ. ಭಾರತದ ದುಷ್ಯಂತನು ಎಲ್ಲವನ್ನೂ ಬಲ್ಲವನಾಗಿಯೂ ಶಕುಂತಲೆಯನ್ನು ಅರಿಯೆನೆನ್ನುವನು. ಕಾಳಿದಾಸನ ದುಷ್ಯಂತನು ದುರ್ವಾಸರ ಶಾಪದಿಂದ ಮರೆಯುವನು. ಈ ತಿದ್ದುಪಡಿಯಿಂದ ನಾಯಕನ ಮಾನವು ಉಳಿಯಿತು. ಇದಕ್ಕೆ ನೇರ ವಿಪರೀತವಾದ ನಿದರ್ಶನವೊಂದು ಅಮೆರಿಕದ ಚಲಚ್ಚಿತ್ರಗಳ ಚರಿತ್ರೆಯಲ್ಲಿ ದೊರೆಯುವುದು.

ಬ್ರೂಸ್ ಗೆಲ್ಲರ್ ಎಂಬವರು ಕಲ್ಪಿಸಿದ ‘ಮಿಷನ್: ಇಂಪಾಸಿಬಲ್’ ಎಂಬ ಗೂಢಚಾರರ ಕಥಾಮಾಲೆಯು 1966ರಿಂದ 1973ರ ವರೆಗೆ ಅಲ್ಲಿಯ ಟೆಲಿವಿಷನ್ನಿನಲ್ಲಿ ನಡೆಯಿತು, ಒಟ್ಟು 171 ಕಂತುಗಳು. ಮೊದಲನೆಯ ವರ್ಷ ಸ್ಟೀವನ್ ಹಿಲ್‌ರವರು ನಾಯಕರು. ಅವರು ಶುಕ್ರವಾರ ಸೂರ್ಯಾಸ್ತವಾದ ಮೇಲೆ ಕೆಲಸಮಾಡಲೊಪ್ಪದ ನಿಷ್ಠಾವಂತ ಯೆಹೂದ್ಯರು (ಆ ವೃತ್ತಿಯಲ್ಲಿ ಇಂಥ ನಿಷ್ಠೆ ಅಪೂರ್ವವೇ ಸರಿ). ವರ್ಷವೊಂದು ಕಳೆಯುತ್ತಲೇ ಮಾಲೆಯಿಂದ ಹೊರಬಂದರು. ಎರಡನೆಯ ವರ್ಷದಿಂದ ಪೀಟರ್ ಗ್ರೇವ್ಸ್‌ರವರು ಜಿಮ್ ಫೆಲ್ಪ್ಸ್ ಎಂಬ ಮುಂದಾಳಿನ ಪಾತ್ರವನ್ನು ವಹಿಸಿದರು. ಅಲ್ಲಿ ಪಿಸ್ತೂಲಿಗಿಂತ ವೇಷಕ್ಕೂ ಬುದ್ಧಿಗೂ ಬೆಲೆ ಹೆಚ್ಚು. ಒಬ್ಬನು ವೇಷಧಾರಿ, ಒಬ್ಬನು ಯಂತ್ರಜ್ಞ, ಮತ್ತೊಬ್ಬನು ಬಲಶಾಲಿ; ಎಲ್ಲರೂ ಕೂಡಿ ಶತ್ರುವಿಗೆ ತನ್ನವರಲ್ಲಿಯೇ ಅವಿಶ್ವಾಸ ಹುಟ್ಟುವಂತೆ ಮಾಡುವರು. ಮುದ್ರಾರಾಕ್ಷಸದಲ್ಲಿ ಚಾಣಕ್ಯನು ಕಪಟಲೇಖದಿಂದ ಮಲಯಕೇತುವನ್ನು ರಾಕ್ಷಸನಿಂದ ಅಗಲಿಸಿದ ಬಗೆಯನ್ನು ಓದಿದವರಿಗೆ ಈ ತಂತ್ರವು ಹೊಸದಲ್ಲ. 1988ರಿಂದ 1990ರ ವರೆಗೆ ಮಾಲೆಯು ಪುನಃ ನಡೆದಾಗಲೂ ಫೆಲ್ಪ್ಸನೇ ಮುಂದಾಳು.

1996ರಲ್ಲಿ ಬ್ರಯನ್ ಡಿ ಪಾಲ್ಮರವರ ನಿರ್ದೇಶನದಲ್ಲಿ ಇದು ಚಲಚ್ಚಿತ್ರವಾಯಿತು. ಫೆಲ್ಪ್ಸನ ಪಾತ್ರ ಜಾನ್ ವಾಯ್ಟ್‌ರವರಿಗೆ ಹೋಯಿತು. ಪ್ರಾಗ್ ನಗರದಲ್ಲಿ ಅವನ ತಂಡವು ನಾಶವಾಗುವುದು; ಅವನೂ ಸತ್ತನೆಂದೇ ನೋಡುವವರು ನಂಬುವರು. ಕಡೆಗೆ ತಿಳಿಯುವುದೇನೆಂದರೆ, ಗೂಢಚಾರರ ಹೆಸರುಗಳ ಪಟ್ಟಿಯನ್ನು ಮಾರುವ ಆಸೆಯಿಂದ ತನ್ನವರನ್ನು ಕೊಲ್ಲಿಸಿದವನು ಅವನೇ! ಶೀತಲಸಮರವು ಮುಗಿಯಿತು, ಚಾರನಿಗೆ ಉಳಿದುದು ಹದಗೆಟ್ಟ ದಾಂಪತ್ಯ ಮತ್ತು ವರ್ಷಕ್ಕೆ 62 ಸಾವಿರ ಡಾಲರು ಸಂಬಳ. ಇದು ಅವನು ಕೊಡುವ ಸಮಾಧಾನ. 1991ರಲ್ಲಿ ಸೋವಿಯತ್ ಒಕ್ಕೂಟವು ಒಡೆದ ಮೇಲೆ ಇಂಥ ಪ್ರಶ್ನೆಯನ್ನೆತ್ತಿದುದು ತಪ್ಪೆನ್ನಲಾರೆ. ಆದರೆ ಅದಕ್ಕೆ ಫೆಲ್ಪ್ಸನ ಹೆಸರೇ ಏಕೆ ಬೇಕಾಯಿತು? ಬೇರೊಂದು ಹೆಸರಿದ್ದರೆ ಪ್ರೇಕ್ಷಕನು ಅಷ್ಟು ಬೆಚ್ಚುತ್ತಿರಲಿಲ್ಲ. ಗ್ರೇವ್ಸ್‌ರವರು ವರ್ಷಗಟ್ಟಲೆ ಗಳಿಸಿಟ್ಟ ವಿಶ್ವಾಸವೇ ಆ ಚಮತ್ಕಾರಕ್ಕೆ ಮೂಲಧನ. ಅದನ್ನು ಅನ್ಯರು ಎರಡು ಗಂಟೆಗಳಲ್ಲಿ ವೆಚ್ಚಮಾಡಿದರು. ಗ್ರೇವ್ಸ್‌ರವರು ತಮ್ಮ ಅಸಮಾಧಾನವನ್ನು ಬಹಿರಂಗವಾಗಿಯೇ ತಿಳಿಸಿದರು. ಹಳೆಯ ತಂಡದ ಯಂತ್ರಜ್ಞನ ಪಾತ್ರಧಾರಿಗಳಾದ ಗ್ರೆಗ್ ಮಾರಿಸ್‌ರವರು ಚಿತ್ರವನ್ನು ಪೂರ್ತಿ ನೋಡದೆ ಎದ್ದುಹೋದರು. ಅದೇ ವರ್ಷ ಅವರು ತೀರಿಕೊಂಡರು.

ತರುವಾಯದ ಚಿತ್ರಗಳು ಈಥನ್ ಹಂಟ್ ಎಂಬ ಒಬ್ಬನ ಸಾಹಸವನ್ನೇ ನೆಚ್ಚಿದವು. 2011ರ ಚಿತ್ರದಲ್ಲಿ ಆ ಪಾತ್ರಧಾರಿಗಳಾದ ಟಾಮ್ ಕ್ರೂಸ್‌ರವರು 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಕಟ್ಟಡದ ಹೊರಮೈಯಲ್ಲಿ ತಾವೇ ನೇತಾಡಿದರು, ಧೈರ್ಯವನ್ನು ಮೆಚ್ಚಲೇಬೇಕು. ಲಾಲೋ ಶಿಫ್ರಿನ್‌ರವರ ಐದೆಣಿಕೆಯ ಸಂಗೀತವು ಉಳಿಯಿತು, ತಂಡದ ಸಮಷ್ಟಿಧರ್ಮವು ಕುಗ್ಗಿತು.

2025ರಲ್ಲಿ ಬಂದ ಎಂಟನೆಯ ಚಿತ್ರದಲ್ಲಿ ಹಂಟನನ್ನು ಬೆನ್ನಟ್ಟುವ ಬ್ರಿಗ್ಸ್ ಎಂಬ ಅಧಿಕಾರಿಯು ಫೆಲ್ಪ್ಸನ ಮಗನೆಂದು ಹೊರಬೀಳುವುದು. 29 ವರ್ಷಗಳ ಮೇಲೆ ನಿರ್ಮಾಪಕರಿಗೆ ಆ ಹೆಸರಿನ ಋಣವು ನೆನಪಾಯಿತೆಂದು ತೋರುವುದು. ಮಗನು ಕಡೆಗೆ ಹಂಟನ ಕೈಹಿಡಿದು ವೈರವನ್ನು ಬಿಡುವನು. ತಂದೆಯ ಮೇಲಿನ ಕಳಂಕವು ಮಾತ್ರ ಇದ್ದಂತೆಯೇ ಇದೆ. ಗ್ರೇವ್ಸ್‌ರವರು 2010ರಲ್ಲಿಯೇ ಕಾಲವಾಗಿದ್ದರು.