ಗರ್ಭಜಲದ ಕೋಶಗಳ ಮೂಲ: ಕೊಲಾಜೆನ್ ನುಡಿದ ಸಾಕ್ಷ್ಯ

ಆಮ್ನಿಯಾಟಿಕ್ ದ್ರವದ ಜೀವಕೋಶಗಳನ್ನು ಕೃಷಿ ಮಾಡಿ ಭ್ರೂಣದ ವರ್ಣತಂತುಗಳನ್ನು ಪರೀಕ್ಷಿಸಬಹುದೆಂದು 1966ರಲ್ಲಿ ಸ್ಟೀಲ್ ಮತ್ತು ಬ್ರೆಗ್ ತೋರಿಸಿದರು. ಆದರೆ ಈ ಕೋಶಗಳು ಯಾವ ಅಂಗಾಂಶದವು? ಇದು ಬರಿಯ ಕುತೂಹಲವಲ್ಲ. ಕಿಣ್ವದ ಪ್ರಮಾಣ ಕೋಶದಿಂದ ಕೋಶಕ್ಕೆ ಬೇರೆಯಾಗುವುದರಿಂದ, ಕೋಶದ ಬಗೆ ತಿಳಿಯದಿದ್ದರೆ ಆನುವಂಶಿಕ ರೋಗದ ನಿರ್ಣಯವೇ ತಪ್ಪಬಹುದು. 1974ರಲ್ಲಿ ಹೋಯೆನ್ ಮತ್ತು ಸಂಗಡಿಗರು ಅವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಆಕಾರವೊಂದನ್ನೇ ನಂಬುವಂತಿಲ್ಲವಾಗಿ, ಕೋಶ ತಯಾರಿಸುವ ಕೊಲಾಜೆನ್ನಿನತ್ತ ಗಮನ ಹರಿಯಿತು.

ಕೊಲಾಜೆನ್ ಮೂರೆಳೆಯ ಹುರಿಯೆಂದು 1954ರಲ್ಲಿ ಮದರಾಸಿನಲ್ಲಿ ಸೂಚಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ (ಭೌತವಿಜ್ಞಾನದ ಎಕ್ಸ್-ಕಿರಣಗಳ ಫಲವಿದು!). ಚರ್ಮದಲ್ಲಿ ಹೇರಳವಾಗಿರುವ ಒಂದನೆಯ ಬಗೆಯಲ್ಲಿ ಸಾಮಾನ್ಯವಾಗಿ ಎರಡು ಎಳೆ ಒಂದೇ ತೆರ, ಮೂರನೆಯದು ಬೇರೆ. 1978ರಲ್ಲಿ ಕ್ರೌಚ್ ಮತ್ತು ಬಾರ್ನ್‌ಸ್ಟೈನ್ ಗರ್ಭಜಲದ ಕೋಶಕೃಷಿಯಲ್ಲಿ ಮೂರೆಳೆಯೂ ಒಂದೇ ತೆರನಾದ ಕೊಲಾಜೆನ್ ಕಂಡರು. ಅಂದರೆ ಅವು ಕೇವಲ ಚರ್ಮದ ತಂತುಕೋಶಗಳಾಗಿರಲಿಲ್ಲ.