ಅವ್ಯಕ್ತ ಟೈಪ್ ಪರಿವರ್ತನೆ: ಕಂಪೈಲರ್‌ನಿಂದಲೇ ಎಚ್ಚರಿಕೆ ಪಡೆಯುವ ಬಗೆ

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಮತ್ತು ಹಳೇಬೀಡುಗಳನ್ನು ನಕಾಶೆಯ ತಂತ್ರಾಂಶವೊಂದಕ್ಕೆ ಸೇರಿಸುವುದಾದರೆ ಅಂಕಿಗಳು ಸುಮಾರಾಗಿ ಹೀಗಿರುತ್ತವೆ: ಬೇಲೂರು 13.16 ಡಿಗ್ರಿ ಉತ್ತರ ಅಕ್ಷಾಂಶ, 75.86 ಡಿಗ್ರಿ ಪೂರ್ವ ರೇಖಾಂಶ, ಹಳೇಬೀಡು 13.21 ಮತ್ತು 75.99, ಅರಸೀಕೆರೆ 13.31 ಮತ್ತು 76.26. ಸಿ ಅಥವಾ ಸಿ++ ಭಾಷೆಯ ಪ್ರೋಗ್ರಾಂ ಒಂದು ಈ ಅಂಕಿಗಳನ್ನು ಪೂರ್ಣಾಂಕಕ್ಕೆ ಮೀಸಲಾದ ಜಾಗದಲ್ಲಿ ಇರಿಸಿದರೆ ದಶಮಾಂಶ ಬಿಂದುವಿನ ನಂತರದ ಭಾಗವೆಲ್ಲ ಉದುರಿಹೋಗುತ್ತದೆ. 75.99 ಕೂಡ 76 ಆಗದೆ 75 ಆಗುತ್ತದೆ. ಬೇಲೂರು 13, 75 ಆದರೆ ಹಳೇಬೀಡೂ 13, 75. ರಸ್ತೆಯಲ್ಲಿ ಸುಮಾರು 16 ಕಿ.ಮೀ. ಅಂತರವಿರುವ ಎರಡು ಊರುಗಳು ಗಣಕಯಂತ್ರದ ಪಾಲಿಗೆ ಒಂದೇ ಊರಾಗುತ್ತವೆ. ಆಂಬುಲೆನ್ಸ್‌ಗೆ ದಾರಿ ತೋರಿಸುವ ತಂತ್ರಾಂಶದಲ್ಲಿ ಇಂಥ ಲೋಪ ನುಸುಳಿದರೆ ಪರಿಣಾಮವೇನೆಂಬುದನ್ನು ವಿವರಿಸಬೇಕಾಗಿಲ್ಲ. ಪ್ರೋಗ್ರಾಂ ಮಾತ್ರ ಯಾವ ದೋಷವನ್ನೂ ತೋರಿಸದೆ ಓಡುತ್ತಲೇ ಇರುತ್ತದೆ.

ಏನಿದು ಪರಿವರ್ತನೆ?

ಗಣಕ ಭಾಷೆಗಳಲ್ಲಿ ಪ್ರತಿಯೊಂದು ಮೌಲ್ಯಕ್ಕೂ ಒಂದು ಪ್ರಕಾರ, ಅಂದರೆ ಟೈಪ್ ಇರುತ್ತದೆ. ಪೂರ್ಣಾಂಕ, ದಶಮಾಂಶ ಸಂಖ್ಯೆ, ಅಕ್ಷರ ಮುಂತಾದವು ಟೈಪ್‌ಗಳು. ಒಂದು ಟೈಪ್‌ನ ಮೌಲ್ಯವನ್ನು ಬೇರೊಂದು ಟೈಪ್ ಬೇಕಾದ ಕಡೆ ಬಳಸಿದಾಗ, ಪ್ರೋಗ್ರಾಂ ಬರೆದವರು ಕೇಳದಿದ್ದರೂ ಕಂಪೈಲರ್ ತಾನಾಗಿಯೇ ಅದನ್ನು ಬದಲಾಯಿಸಿಕೊಳ್ಳುವುದೇ ಅವ್ಯಕ್ತ ಪರಿವರ್ತನೆ. ಸಿ ಮತ್ತು ಸಿ++ ಭಾಷೆಗಳು ಈ ವಿಷಯದಲ್ಲಿ ಬಹಳ ಉದಾರಿಗಳು. ರಸ್ಟ್ ಮತ್ತು ಗೋ ಭಾಷೆಗಳಲ್ಲಾದರೆ ಪೂರ್ಣಾಂಕದ ಚಲಕಕ್ಕೆ ದಶಮಾಂಶದ ಚಲಕವನ್ನು ನೇರವಾಗಿ ತುಂಬಲು ಅವಕಾಶವೇ ಇಲ್ಲ.

ಸಿದ್ಧ ಎಚ್ಚರಿಕೆಗಳು

ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳಲ್ಲಿ ‘ಡಬ್ಲ್ಯೂ-ಕನ್ವರ್ಷನ್’ ಎಂಬ ಸೂಚನೆ ಉಂಟು. ಅದನ್ನು ನೀಡಿದರೆ ಮೇಲಿನ ಅಕ್ಷಾಂಶದ ತಪ್ಪು ಪತ್ತೆಯಾಗುತ್ತದೆ. ಆದರೆ ಬಹುತೇಕ ಯೋಜನೆಗಳಲ್ಲಿ ಬಳಸುವ ‘ಡಬ್ಲ್ಯೂ-ಆಲ್’ ಮತ್ತು ‘ಡಬ್ಲ್ಯೂ-ಎಕ್ಸ್‌ಟ್ರಾ’ ಎಂಬ ಗುಚ್ಛಗಳಲ್ಲಿ ಅದು ಸೇರಿಲ್ಲವೆಂಬುದು ಗಮನಾರ್ಹ. ಹಳೆಯ ಯೋಜನೆಯೊಂದಕ್ಕೆ ಅದನ್ನು ಒಮ್ಮೆಲೇ ಹಾಕಿದರೆ ಎಚ್ಚರಿಕೆಗಳ ಮಹಾಪೂರವೇ ಹರಿದುಬರುವುದರಿಂದ ನಿಜವಾದ ಅಪಾಯ ಆ ಗುಂಪಿನಲ್ಲಿ ಮುಳುಗಿಹೋಗುತ್ತದೆ.

ಇನ್ನು ಕೆಲವು ತಪ್ಪುಗಳನ್ನು ಈ ಸೂಚನೆಯೂ ಹಿಡಿಯುವುದಿಲ್ಲ. ಕನ್ನಡ ಲಿಪಿಯೇ ಇದಕ್ಕೆ ನಿದರ್ಶನ. ಯುಟಿಎಫ್-8 ವಿಧಾನದಲ್ಲಿ ಬೇಲೂರಿನ ಮೊದಲಕ್ಷರವಾದ ‘ಬ’ವನ್ನು 224, 178, 172 ಎಂಬ ಮೂರು ಬೈಟ್‌ಗಳಲ್ಲಿ ಇರಿಸಲಾಗುತ್ತದೆ. ಸಾಮಾನ್ಯ ಪಿಸಿಗಳ ಕಂಪೈಲರ್‌ಗಳಲ್ಲಿ ‘ಕ್ಯಾರ್’ ಎಂಬ ಅಕ್ಷರ ಟೈಪ್ ಋಣ ಸಂಖ್ಯೆಗಳನ್ನೂ ಒಳಗೊಳ್ಳುವುದರಿಂದ ಅವೇ ಬೈಟ್‌ಗಳು -32, -78, -84 ಆಗಿ ಪೂರ್ಣಾಂಕಕ್ಕೆ ಬದಲಾಗುತ್ತವೆ. ಇದು ಅಕ್ಷರವೋ ಅಂಕಿಯೋ ಎಂದು ಪರೀಕ್ಷಿಸುವ ಸಿ ಭಾಷೆಯ ಸಿದ್ಧ ಫಂಕ್ಷನ್‌ಗಳಿಗೆ ಇಂಥ ಋಣ ಸಂಖ್ಯೆ ಕೊಟ್ಟರೆ ಫಲಿತಾಂಶ ಏನಾಗಬಹುದೆಂದು ಮಾನಕವು ಹೇಳುವುದಿಲ್ಲ. ಚಿಕ್ಕ ಟೈಪ್‌ನಿಂದ ದೊಡ್ಡ ಟೈಪ್‌ಗೆ ನಡೆಯುವ ಪರಿವರ್ತನೆ ಇದಾದ್ದರಿಂದ ಕಂಪೈಲರ್ ಮೌನ ವಹಿಸುತ್ತದೆ. ಇಂಗ್ಲಿಷ್ ಅಕ್ಷರಗಳೆಲ್ಲ 128ಕ್ಕಿಂತ ಕೆಳಗಿರುವುದರಿಂದ ಇಂಗ್ಲಿಷ್ ಹೆಸರುಗಳಿಂದ ಮಾಡಿದ ಪರೀಕ್ಷೆ ಸುಸೂತ್ರವಾಗಿ ಮುಗಿಯುತ್ತದೆ. ತೊಂದರೆ ಎದುರಾಗುವುದು ಕನ್ನಡದಲ್ಲಿ ಹೆಸರು ಬರೆಯುವ ಬಳಕೆದಾರನಿಗೆ.

ಸ್ವಂತ ಎಚ್ಚರಿಕೆ ರೂಪಿಸುವುದು

ಎಲ್ಲ ಪರಿವರ್ತನೆಗಳನ್ನೂ ಹಿಡಿಯುವ ಬದಲು ಅಪಾಯಕಾರಿ ಎನಿಸಿದ ಕಡೆ ಮಾತ್ರ ತಮ್ಮದೇ ಮಾತಿನಲ್ಲಿ ಎಚ್ಚರಿಕೆ ಬರುವಂತೆ ಮಾಡಲು ಹಲವು ಮಾರ್ಗಗಳಿವೆ.

ಮೊದಲನೆಯದು ‘ಡೆಪ್ರಿಕೇಟೆಡ್’ ಎಂಬ ಗುರುತು. 2014ರ ಸಿ++ ಮಾನಕದಲ್ಲಿ ಸೇರಿದ ಇದು, ಗುರುತು ಹಾಕಿದ ಫಂಕ್ಷನ್ ಬಳಕೆಯಾದ ಸಾಲನ್ನು ಬರೆದವರೇ ನೀಡಿದ ಸಂದೇಶದೊಂದಿಗೆ ತೋರಿಸುತ್ತದೆ. ಬೈಟ್ ಪರೀಕ್ಷಿಸುವ ಸ್ವಂತ ಫಂಕ್ಷನ್‌ಗೆ ಎರಡು ರೂಪ ಕೊಟ್ಟು, ‘ಅನ್‌ಸೈನ್ಡ್ ಕ್ಯಾರ್’ ಸ್ವೀಕರಿಸುವ ರೂಪವನ್ನು ಹಾಗೆಯೇ ಬಿಟ್ಟು, ಬರಿಯ ‘ಕ್ಯಾರ್’ ಸ್ವೀಕರಿಸುವ ರೂಪಕ್ಕೆ ಈ ಗುರುತು ಹಾಕಿದರೆ ಸಾಕು. ‘ಕನ್ನಡ ಬೈಟ್ ಋಣವಾಗಬಹುದು’ ಎಂಬ ಸಂದೇಶ ತಪ್ಪಾದ ಸಾಲಿಗೇ ಬರುತ್ತದೆ. ಸಿ ಭಾಷೆಯಲ್ಲಿ 2011ರ ಮಾನಕದ ‘ಜೆನೆರಿಕ್’ ಸೌಲಭ್ಯದಿಂದ ಟೈಪ್ ನೋಡಿ ಫಂಕ್ಷನ್ ಆಯ್ದು ಇದೇ ಫಲ ಪಡೆಯಬಹುದು. ಅಲ್ಲಿ ಗುರುತಿಗೆ ಜಿಸಿಸಿ ಮತ್ತು ಕ್ಲ್ಯಾಂಗ್‌ಗಳ ‘ಆಟ್ರಿಬ್ಯೂಟ್’ ಬಳಸಬೇಕಾಗಬಹುದು.

ಎರಡನೆಯದು ಸ್ವಂತ ಟೈಪ್. ಅಕ್ಷಾಂಶವನ್ನು ಬರಿಯ ದಶಮಾಂಶ ಸಂಖ್ಯೆಯಾಗಿಡದೆ ‘ಅಕ್ಷಾಂಶ’ ಎಂಬ ಕ್ಲಾಸ್ ಮಾಡಿ, ಪೂರ್ಣಾಂಕಕ್ಕೆ ಬದಲಾಗುವ ದ್ವಾರಕ್ಕೆ ‘ಡೆಪ್ರಿಕೇಟೆಡ್’ ಗುರುತು ಹಾಕಬೇಕು. ಪೂರ್ಣ ಡಿಗ್ರಿ ನಿಜಕ್ಕೂ ಬೇಕಾದವರಿಗಾಗಿ ಬೇರೆ ಹೆಸರಿನ ಫಂಕ್ಷನ್ ಒದಗಿಸಬೇಕು. ಎಚ್ಚರಿಕೆ ಸಾಲದು, ಪರಿವರ್ತನೆಯನ್ನು ತಡೆಯಲೇಬೇಕು ಎನ್ನುವವರು 2011ರಿಂದ ಲಭ್ಯವಿರುವ ‘ಡಿಲೀಟ್’ ವಿಧಾನದಿಂದ ಆ ದ್ವಾರವನ್ನೇ ಮುಚ್ಚಬಹುದು. ಡಿಲೀಟ್ ಮಾಡಿದ್ದಕ್ಕೆ ಕಾರಣವನ್ನೂ ಬರೆಯುವ ಅವಕಾಶ ಸಿ++26 ಮಾನಕದಲ್ಲಿ ಸೇರಿದೆ.

ಮೂರನೆಯದು ಹೊರಗಿನ ತಪಾಸಣೆ. ಭಾಷೆಯ ಮೂಲ ಟೈಪ್‌ಗಳ ನಡುವಣ ಪರಿವರ್ತನೆಯನ್ನು ಮೇಲಿನ ಎರಡು ಉಪಾಯಗಳಿಂದ ಅಡ್ಡಗಟ್ಟಲಾಗದು. ಆದರೆ ಕ್ಲ್ಯಾಂಗ್ ತಾನು ಓದಿದ ಪ್ರೋಗ್ರಾಮಿನ ರಚನೆಯನ್ನು ಮರದ ರೂಪದಲ್ಲಿ ಇಟ್ಟುಕೊಳ್ಳುವಾಗ ಪ್ರತಿಯೊಂದು ಅವ್ಯಕ್ತ ಪರಿವರ್ತನೆಯನ್ನೂ ಪ್ರತ್ಯೇಕ ಗಂಟಾಗಿ ದಾಖಲಿಸುತ್ತದೆ. ‘ಕ್ಲ್ಯಾಂಗ್-ಟೈಡಿ’ ಎಂಬ ಸಾಧನಕ್ಕೆ ಸ್ವಂತ ನಿಯಮ ಬರೆದು, ಬೇಕಾದ ಗಂಟುಗಳಿಗೆ ಮಾತ್ರ ಎಚ್ಚರಿಕೆ ಹೊರಡಿಸಬಹುದು.

ಏರಿಯಾನ್ ಕಲಿಸಿದ ಪಾಠ

ಬೇಲೂರು, ಹಳೇಬೀಡುಗಳಿಗೆ ಹೋಗುವ ಪ್ರವಾಸಿಗರು ತಂಗುವ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಇನ್ಸಾಟ್ ಸರಣಿಯ ಹಲವು ಉಪಗ್ರಹಗಳು ಯುರೋಪಿನ ಏರಿಯಾನ್ ರಾಕೆಟ್‌ಗಳ ಮೂಲಕ ಕಕ್ಷೆ ಸೇರಿ ಈ ಕೇಂದ್ರದ ಸುಪರ್ದಿಗೆ ಬಂದವು. ಅದೇ ಕುಟುಂಬದ ಏರಿಯಾನ್-5 ರಾಕೆಟ್‌ನ ಚೊಚ್ಚಲ ಹಾರಾಟ 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೌರೂನಿಂದ ಆರಂಭವಾಗಿ ಸುಮಾರು 40 ಸೆಕೆಂಡುಗಳಲ್ಲಿ ಸ್ಫೋಟದಲ್ಲಿ ಕೊನೆಗೊಂಡಿತು. ನಾಲ್ಕು ಕ್ಲಸ್ಟರ್ ಉಪಗ್ರಹಗಳು ನಾಶವಾದವು. 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕಕ್ಕೆ ಬದಲಾಯಿಸುವಾಗ ಅದು 32,767ರ ಮಿತಿಯನ್ನು ಮೀರಿದ್ದೇ ದುರಂತಕ್ಕೆ ನಾಂದಿಯಾಯಿತು. ಏರಿಯಾನ್-4ಕ್ಕಾಗಿ ಬರೆದ ತಂತ್ರಾಂಶವನ್ನು ಹೆಚ್ಚು ವೇಗದ ರಾಕೆಟ್‌ಗೆ ಹಾಗೆಯೇ ಬಳಸಲಾಗಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಆ ತಂತ್ರಾಂಶದ ಭಾಷೆಯಾದ ಏಡಾ ಅವ್ಯಕ್ತ ಸಂಖ್ಯಾ ಪರಿವರ್ತನೆಯನ್ನು ಒಪ್ಪುವುದಿಲ್ಲ. ಪರಿವರ್ತನೆಯನ್ನು ಬರೆದವರು ತಿಳಿದೇ ಬರೆದಿದ್ದರು. ಮಿತಿ ಮೀರಿದರೆ ಮಾಡಬೇಕಾದ್ದೇನು ಎಂಬ ರಕ್ಷಣೆ ಮಾತ್ರ ಅಲ್ಲಿರಲಿಲ್ಲ. ಆದ್ದರಿಂದ ಎಚ್ಚರಿಕೆ ಬಂದೊಡನೆ ಬಲವಂತದ ಪರಿವರ್ತನೆಯ ಒಂದು ಪದ ಸೇರಿಸಿ ಅದನ್ನು ಮೌನಗೊಳಿಸುವುದು ಪರಿಹಾರವಲ್ಲ. ಮೌಲ್ಯ ಎಷ್ಟರವರೆಗೆ ಹೋಗಬಹುದು, ಮೀರಿದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಆ ಸಾಲಿನಲ್ಲಿಯೇ ಉತ್ತರ ಬರೆಯಬೇಕು. ಆ ಪ್ರಶ್ನೆಯನ್ನು ಸಕಾಲದಲ್ಲಿ ಕೇಳಿಸುವುದಷ್ಟೇ ಎಚ್ಚರಿಕೆಯ ಕೆಲಸ.